ಬಸುರಿ ವಾಂತಿ ಕೈಮೀರಿದಾಗ: ಮನೆಮದ್ದು, ಮಾತ್ರೆ, ಬಾಟಲಿ, ಅಡ್ಮಿಟ್ – ಯಾರಿಗೆ ಯಾವುದು?

"ಎರಡೂವರೆ ತಿಂಗಳು ನಡೀತಿದೆ, ನೀರು ಕುಡಿದರೂ ವಾಂತಿ, ಏನು ಮಾಡ್ಲಿ?" ಅಂತ ಒಬ್ಬ ಹೆಣ್ಣುಮಗಳು ಕೇಳಿದರೆ ನಮ್ಮ ಕಡೆ ನಾಲ್ಕು ಬಾಯಿಂದ ನಾಲ್ಕು ಉತ್ತರ ಬರುತ್ತದೆ. ಅತ್ತೆ ಶುಂಠಿ ಕಷಾಯ ಕಾಯಿಸುತ್ತಾರೆ. ಅವ್ವ ಫೋನ್ ಮಾಡಿ ತವರಿಗೆ ಬಂದುಬಿಡು ಅಂತಾಳೆ. ಯಜಮಾನ್ರು ಬೈಕಿನ ಕೀ ಹಿಡಿದುಕೊಂಡು "ನಡಿ, ಒಂದು ಬಾಟಲಿ ಹಾಕಿಸ್ಕೊಂಡು ಬರೋಣ" ಅಂತಾರೆ. ಪಕ್ಕದ ಮನೆಯವರು "ಎಲ್ಲರಿಗೂ ಆಗೋದೇ ಇದು, ಮೂರು ತಿಂಗಳು ತುಂಬಿದರೆ ನಿಲ್ತದೆ ಬಿಡು" ಅಂತ ಹೇಳಿ ಒಗ್ಗರಣೆ ಹಾಕಲು ಒಳಗೆ ಹೋಗುತ್ತಾರೆ. ಆ ಒಗ್ಗರಣೆ ವಾಸನೆಗೆ ಇವಳಿಗೆ ಮತ್ತೆ ವಾಂತಿ.

ನಾಲ್ಕು ಉತ್ತರವೂ ಒಂದೊಂದು ಹೊತ್ತಿಗೆ ಸರಿಯೇ. ಯಾವ ಹೊತ್ತಿಗೆ ಯಾವುದು ಅನ್ನುವುದರಲ್ಲೇ ಎಲ್ಲಾ ಇರುವುದು. ನಾನು ಡಾಕ್ಟರ್ ಅಲ್ಲ. ತಂಗಿಗೂ ನಾದಿನಿಗೂ ಇದೇ ಕಾಟ ಇದ್ದದ್ದರಿಂದ ಜಗಳೂರು, ದಾವಣಗೆರೆ, ಚಿತ್ರದುರ್ಗ ಅಂತ ಆಸ್ಪತ್ರೆ ಓಡಾಟದಲ್ಲಿ ಜೊತೆಗಿದ್ದೆ. ಉಳಿದದ್ದನ್ನು ಕೇಳಿ, ಓದಿ ತಿಳಿದುಕೊಂಡೆ. ಆ ಓಡಾಟದಲ್ಲಿ ನನಗೆ ಎದ್ದು ಕಂಡದ್ದು ಇದು: ನಮ್ಮ ಜನ ಕಷಾಯದಿಂದ ನೇರವಾಗಿ ಬಾಟಲಿಗೆ ಜಿಗಿಯುತ್ತಾರೆ. ನಡುವೆ ಮಾತ್ರೆ ಅಂತ ಒಂದು ಮೆಟ್ಟಿಲಿದೆ. ಮಗುವಿಗೆ ಏನಾದರೂ ಆದೀತು ಅಂತ ಹೆದರಿ ಅದನ್ನು ಬಿಟ್ಟುಬಿಡುತ್ತಾರೆ. ಎಷ್ಟೋ ಜನ ಆ ಮೆಟ್ಟಿಲಲ್ಲೇ ನಿಂತುಕೊಳ್ಳಬಹುದಿತ್ತು.

ಮೊದಲು ಒಂದು ಮಾತು. ಬಸುರಿಯರಲ್ಲಿ ಹತ್ತಕ್ಕೆ ಏಳೆಂಟು ಜನರಿಗೆ ವಾಕರಿಕೆ ಇದ್ದೇ ಇರುತ್ತದೆ. ಐದಾರನೇ ವಾರಕ್ಕೆ ಶುರುವಾಗಿ, ಒಂಬತ್ತು ಹತ್ತನೇ ವಾರಕ್ಕೆ ತಾರಕಕ್ಕೇರಿ, ಹೆಚ್ಚಿನವರಿಗೆ 16ರಿಂದ 20 ವಾರದೊಳಗೆ ಇಳಿಯುತ್ತದೆ. ಆದರೆ ನೂರಕ್ಕೆ ಒಬ್ಬರಿಂದ ಮೂವರಿಗೆ ಬರುವುದು ಬೇರೆಯೇ ಜಾತಿಯದು. ಡಾಕ್ಟರುಗಳು ಇದಕ್ಕೆ ಹೈಪರ್‌ಎಮೆಸಿಸ್ ಗ್ರಾವಿಡೇರಮ್ ಅನ್ನುತ್ತಾರೆ. ಮೈಯಲ್ಲಿ ನೀರು ನಿಲ್ಲದೆ, ತೂಕ ಇಳಿದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವ ಸ್ಥಿತಿ ಇದು. ಬ್ರಿಟನ್ನಿನ ರಾಜಮನೆತನದ ಕೇಟ್‌ಗೆ ಮೂರು ಬಸುರಿನಲ್ಲೂ ಇದೇ ಆಗಿ, 2012ರಲ್ಲಿ ಆಸ್ಪತ್ರೆ ಸೇರಬೇಕಾಯಿತು. ಅರಮನೆಯಲ್ಲಿ ಆರೈಕೆಗೆ ಕೊರತೆ ಇತ್ತಾ? ಅದಕ್ಕೇ "ಇವಳು ನಾಜೂಕು", "ಮನಸ್ಸು ಗಟ್ಟಿ ಮಾಡ್ಕೋಬೇಕು" ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ಮಗು ಮತ್ತು ಮಾಸಿನ ಕಡೆಯಿಂದ ತಾಯಿಯ ರಕ್ತಕ್ಕೆ ಬರುವ ಜಿಡಿಎಫ್15 ಅನ್ನುವ ಹಾರ್ಮೋನಿಗೂ ಇದಕ್ಕೂ ನಂಟಿದೆ ಅಂತ 2023ರ ಕೊನೆಯಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಬಸುರಿಗೆ ಮೊದಲು ಯಾರ ಮೈಯಲ್ಲಿ ಅದು ಕಡಿಮೆ ಇರುತ್ತದೋ ಅವರಿಗೆ ಹೊಡೆತ ಜಾಸ್ತಿ. ಮನಸ್ಸಿನ ಗಟ್ಟಿತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಏನನ್ನು ನೋಡಿ ತೀರ್ಮಾನಿಸುವುದು

ಎಷ್ಟು ಸಲ ವಾಂತಿ ಆಯ್ತು ಅನ್ನುವ ಲೆಕ್ಕವನ್ನೇ ಎಲ್ಲರೂ ಇಡುತ್ತಾರೆ. ಅದಕ್ಕಿಂತ ಮುಖ್ಯ ಒಳಗೆ ಎಷ್ಟು ನಿಂತಿತು ಅನ್ನುವುದು. ಅದನ್ನು ತಿಳಿಯಲು ಸುಲಭದ ದಾರಿ ಮೂತ್ರ. ತಿಳಿ ಹಳದಿ ಇದ್ದು ದಿನಕ್ಕೆ ನಾಲ್ಕೈದು ಸಲ ಹೋಗುತ್ತಿದ್ದರೆ ಮನೆಯಲ್ಲಿ ನಿಭಾಯಿಸಬಹುದು. ಕಡು ಹಳದಿಯಾಗಿ ಎರಡು ಸಲಕ್ಕೆ ಇಳಿದರೆ ಮುಂದಿನ ಮೆಟ್ಟಿಲು ಹತ್ತುವ ಹೊತ್ತು. ಎಂಟು ತಾಸಿನಿಂದ ಮೂತ್ರವೇ ಇಲ್ಲ ಅಂದರೆ ಯೋಚನೆ ಮಾಡುತ್ತಾ ಕೂರಬೇಡಿ, ಹೊರಡಿ.

ಎರಡನೆಯದು ತೂಕ. ಬಸುರಿಗೆ ಮೊದಲಿನ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ ತೀವ್ರ ಅಂತ ಲೆಕ್ಕ. 50 ಕೆಜಿ ಇದ್ದವರಿಗೆ ಎರಡೂವರೆ ಕೆಜಿ. ತಾಯಿ ಕಾರ್ಡಿನಲ್ಲಿ ಮೊದಲ ತಪಾಸಣೆಯ ತೂಕ ಬರೆದಿರುತ್ತಾರೆ, ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲೋ ಮೆಡಿಕಲ್ ಶಾಪಿನಲ್ಲೋ ನೋಡಿ ಹೋಲಿಸಿದರೆ ಸಾಕು.

ಇನ್ನು ಮೂರನೆಯದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ: ಆಸ್ಪತ್ರೆ ಎಷ್ಟು ದೂರ, ಮನೆಯಲ್ಲಿ ಹಗಲು ಯಾರಿರುತ್ತಾರೆ. ದಾವಣಗೆರೆ ವಿದ್ಯಾನಗರದಲ್ಲಿ ಇರುವವರು ಇನ್ನೊಂದು ರಾತ್ರಿ ಕಾದು ನೋಡಬಹುದು. ಮೊಳಕಾಲ್ಮುರಿನ ಹಳ್ಳಿಯಲ್ಲಿ, ಯಜಮಾನ್ರು ಬೆಂಗಳೂರಿಗೆ ದುಡಿಯಲು ಹೋಗಿ, ವಯಸ್ಸಾದ ಅತ್ತೆ ಮಾತ್ರ ಇರುವವರು ಕಾಯಬಾರದು. ವಾಂತಿ ಒಂದೇ ಇದ್ದರೂ ತೀರ್ಮಾನ ಒಂದೇ ಆಗಬೇಕಿಲ್ಲ. ದುಡ್ಡಿನ ಮಾತು ಆಮೇಲೆ ಬರುತ್ತದೆ.

ಮನೆಯಲ್ಲೇ ನಿಭಾಯಿಸುವುದು

ಖರ್ಚಿಲ್ಲ, ಓಡಾಟವಿಲ್ಲ. ಮೂತ್ರ ಸರಿ ಇದ್ದು ತೂಕ ನಿಂತಿದ್ದರೆ ಇದೇ ಸಾಕು. ಆದರೆ ಮನೆಮದ್ದು ಅಂದರೆ ಕಷಾಯ ಅಲ್ಲ, ಕ್ರಮ.

ನನ್ನ ನಾದಿನಿಯ ತಲೆದಿಂಬಿನ ಪಕ್ಕ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಅದರಲ್ಲಿ ಒಗ್ಗರಣೆ ಹಾಕದ ಬರೀ ಮಂಡಕ್ಕಿ, ಸ್ವಲ್ಪ ಉಪ್ಪು. ಬೆಳಗ್ಗೆ ಏಳುವ ಮುಂಚೆ, ಮಲಗಿದಲ್ಲೇ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಾಲು ಗಂಟೆ ಸುಮ್ನೆ ಬಿದ್ದುಕೊಂಡಿರುತ್ತಿದ್ದಳು. ಖಾಲಿ ಹೊಟ್ಟೆಯಲ್ಲಿ ಎದ್ದರೆ ವಾಕರಿಕೆ ಒದ್ದುಕೊಂಡು ಬರುತ್ತದೆ. ಪೇಟೆಯವರು ಇದಕ್ಕೆ ಬಿಸ್ಕತ್ತು, ರಸ್ಕು ಹೇಳುತ್ತಾರೆ. ಮಂಡಕ್ಕಿಗೆ ವಾಸನೆ ಇಲ್ಲ, ಜಿಡ್ಡಿಲ್ಲ, ಸಿಹಿ ಇಲ್ಲ. ದಾವಣಗೆರೆಯಲ್ಲಿ ಹುಟ್ಟಿದ್ದಕ್ಕೆ ಅಷ್ಟಾದರೂ ಲಾಭ ಬೇಡವಾ. ಬೆಣ್ಣೆ ದೋಸೆಯನ್ನು ಮಾತ್ರ ಆರು ತಿಂಗಳು ಮರೆತುಬಿಡಿ, ಕಾವಲಿ ಮೇಲೆ ಬೆಣ್ಣೆ ಬೀಳುವ ವಾಸನೆ ಅರ್ಧ ಬೀದಿ ದಾಟಿ ಬರುತ್ತದೆ.

ನೀರಿನ ವಿಷಯದಲ್ಲಿ ಎಲ್ಲರೂ ಒಂದು ಲೋಟ ತುಂಬಿ ತಂದು "ಕುಡಿ ಕುಡಿ" ಅಂತಾರೆ. ಒಂದೇ ಸಲ ಲೋಟ ಕುಡಿದರೆ ಲೋಟದಷ್ಟೂ ಆಚೆ. ಚಮಚದಲ್ಲಿ, ಐದು ನಿಮಿಷಕ್ಕೆ ಒಂದೆರಡು ಚಮಚ, ಊಟದ ಜೊತೆ ಅಲ್ಲದೆ ಊಟದ ನಡುವಿನ ಹೊತ್ತಿನಲ್ಲಿ. ಬರೀ ನೀರಿಗಿಂತ ಓಆರ್‌ಎಸ್ ಮೇಲು, ಒಂದು ಪೊಟ್ಟಣಕ್ಕೆ ಒಂದು ಲೀಟರು ಅಂತ ಬರೆದಿದ್ದರೆ ಒಂದೇ ಲೀಟರು, ಕಣ್ಣಳತೆ ಬೇಡ. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ ಅಂತ ಇದೆಯಾ ನೋಡಿ, ಅಂಗಡಿಯ ಸಿಹಿ ಡಬ್ಬಿ ಪಾನೀಯ ಅದಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಆದ್ದರಿಂದ ಅದೊಂದನ್ನೇ ನಂಬಬೇಡಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ನಿಂಬೆ ಶರಬತ್ತು, ಬಾಯಲ್ಲಿಟ್ಟುಕೊಳ್ಳಲು ಐಸ್ ಚೂರು, ಇವುಗಳಲ್ಲಿ ಯಾವುದು ನಿಲ್ಲುತ್ತದೋ ಅದು. ಬಿಸಿ ಅಡುಗೆಗಿಂತ ತಣ್ಣಗಿನದಕ್ಕೆ ವಾಸನೆ ಕಡಿಮೆ, ಅದಕ್ಕೇ ಕೆಲವರಿಗೆ ಬಿಸಿ ಮುದ್ದೆ ಸಾರು ಆಗದಿದ್ದರೂ ಮೊಸರನ್ನ ನಿಲ್ಲುತ್ತದೆ. "ಬಸುರಿ ಹೆಂಗಸು ಬರೀ ಇದನ್ನೇ ತಿಂದರೆ ಮಗುವಿಗೆ ಏನು ಹೋಗುತ್ತೆ" ಅನ್ನುವ ಮಾತು ಬಂದೇ ಬರುತ್ತದೆ. ಮೊದಲ ಮೂರು ತಿಂಗಳಲ್ಲಿ ಮಗುವಿನ ಅಗತ್ಯ ತೀರಾ ಸಣ್ಣದು, ತಾಯಿಯ ಮೈಯಲ್ಲಿ ನೀರು ನಿಲ್ಲುವುದೇ ದೊಡ್ಡದು.

ಶುಂಠಿ? ಸಣ್ಣ ವಾಕರಿಕೆಗೆ ಸ್ವಲ್ಪ ಕೆಲಸ ಮಾಡುತ್ತದೆ. ತೀವ್ರ ವಾಂತಿಗೆ ಸಾಲುವುದಿಲ್ಲ, ಹುಳಿತೇಗು ಇರುವವರಿಗೆ ಎದೆ ಉರಿ ಹೆಚ್ಚಿಸುತ್ತದೆ. ನಿಲ್ಲದಿದ್ದರೆ ಬಲವಂತ ಮಾಡಿ ಕುಡಿಸುವುದು ಹಿಂಸೆಯಷ್ಟೇ. ಮಣಿಕಟ್ಟಿಗೆ ಕಟ್ಟುವ ಒತ್ತುಪಟ್ಟಿ ಸಿಗುತ್ತದೆ, ಅಪಾಯವಿಲ್ಲ, ಕೆಲವರಿಗೆ ಹಿತ. ಮಣ್ಣು, ಸುಣ್ಣದ ಕಡ್ಡಿ ತಿನ್ನುವ ಬಯಕೆ ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ರಕ್ತಹೀನತೆಯ ಗುರುತು ಅದಾಗಿರಬಹುದು. ಕಬ್ಬಿಣದ ಮಾತ್ರೆ ಶುರುವಾದ ಮೇಲೆ ವಾಂತಿ ಜಾಸ್ತಿ ಆಗಿದ್ದರೆ ಸ್ವಲ್ಪ ದಿನ ಮುಂದೂಡಬಹುದಾ ಅಂತ ಕೇಳಿ. ಫೋಲಿಕ್ ಆಸಿಡ್ ಸಣ್ಣ ಮಾತ್ರೆ, ಅದನ್ನು ಬಿಡಬೇಡಿ.

ಈ ದಾರಿಯ ತೊಂದರೆ ಒಂದೇ. ಇದನ್ನು ನಡೆಸಿಕೊಡಲು ಇನ್ನೊಬ್ಬರು ಬೇಕು. ಅಡುಗೆಮನೆಯಿಂದ ಬಸುರಿಯನ್ನು ಆಚೆ ಇಡದೆ ಮನೆಮದ್ದು ಮಾಡುತ್ತೇವೆ ಅಂದರೆ ಆಗುವುದಿಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿ ಪಕ್ಕ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಮನೆ ಇದ್ದವರಿಗೆ ಕಿಟಕಿ ಮುಚ್ಚಿದರೂ ವಾಸನೆ ಬಿಡುವುದಿಲ್ಲ, ಅಂಥವರು ಎರಡು ತಿಂಗಳ ಮಟ್ಟಿಗೆ ಬೇರೆ ಕಡೆ ಇರುವುದನ್ನು ಯೋಚಿಸಬೇಕು.

ಮಾತ್ರೆ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕಂದ್ರೆ ಹೆದರಿಕೆ ಇರುವುದು ಇಲ್ಲೇ.

ಆ ಹೆದರಿಕೆಗೆ ಕಾರಣ ಇಲ್ಲದಿಲ್ಲ. 1950ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಥಾಲಿಡೊಮೈಡ್ ಅನ್ನುವ ಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. 1961ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಅಲ್ಲಿಂದ "ಬಸುರಿ ಮಾತ್ರೆ ನುಂಗಬಾರದು" ಅನ್ನುವುದು ಜಗತ್ತಿನಾದ್ಯಂತ ಬೇರು ಬಿಟ್ಟಿತು. ಈಗ ಕೊಡುವುದು ಆ ಮಾತ್ರೆ ಅಲ್ಲ. ಮೊದಲ ಸಾಲಿನಲ್ಲಿ ಕೊಡುವುದು ಡಾಕ್ಸಿಲಮೀನ್ ಮತ್ತು ಬಿ6 ವಿಟಮಿನ್ ಸೇರಿದ ಮಾತ್ರೆ, ನಮ್ಮಲ್ಲಿ ಡಾಕ್ಸಿನೇಟ್ ಅನ್ನುವ ಹೆಸರಿನಲ್ಲಿ ಬಹಳ ಜನಕ್ಕೆ ಗೊತ್ತು. ಇದರದ್ದೂ ಒಂದು ಕಥೆ ಇದೆ. ಅಮೆರಿಕದಲ್ಲಿ ಕೇಸುಗಳ ಕಾಟಕ್ಕೆ ಕಂಪನಿಯೇ 1983ರಲ್ಲಿ ಇದನ್ನು ನಿಲ್ಲಿಸಿತು. ಎಷ್ಟೋ ಅಧ್ಯಯನಗಳಲ್ಲಿ ಮಗುವಿಗೆ ದೋಷ ಕಾಣದ ಮೇಲೆ 2013ರಲ್ಲಿ ಅಲ್ಲಿನ ಸರ್ಕಾರ ಮತ್ತೆ ಒಪ್ಪಿಗೆ ಕೊಟ್ಟಿತು. ಬಸುರಿನಲ್ಲಿ ಇಷ್ಟು ಪರೀಕ್ಷೆಗೆ ಒಳಗಾದ ಔಷಧಿಗಳು ಕಡಿಮೆ.

ಇದನ್ನು ನುಂಗುವ ರೀತಿಯಲ್ಲಿ ಜನ ಎಡವುತ್ತಾರೆ. ವಾಂತಿ ಬಂದಾಗ ಒಂದು ನುಂಗಿ, ಹತ್ತು ನಿಮಿಷಕ್ಕೆ ನಿಲ್ಲಲಿಲ್ಲ ಅಂತ ಸ್ಟ್ರಿಪ್ಪನ್ನು ಗೂಡಿಗೆ ಎಸೆಯುತ್ತಾರೆ. ಇದು ತಲೆನೋವಿನ ಮಾತ್ರೆ ಹಾಗೆ ಅಲ್ಲ, ನಿಧಾನಕ್ಕೆ ಕೆಲಸ ಮಾಡುತ್ತದೆ. ರಾತ್ರಿ ಮಲಗುವಾಗ ನುಂಗಿದ್ದು ಬೆಳಗಿನ ವಾಕರಿಕೆಗೆ. ಪ್ರತಿದಿನ, ಹೊತ್ತಿಗೆ ಸರಿಯಾಗಿ, ವಾಂತಿ ಇಲ್ಲದ ದಿನವೂ ತೆಗೆದುಕೊಳ್ಳಬೇಕು. ಬೇರೆ ಬೇರೆ ಬಲದಲ್ಲಿ ಸಿಗುತ್ತದೆ, ಕೆಲವದರಲ್ಲಿ ಫೋಲಿಕ್ ಆಸಿಡ್ಡೂ ಸೇರಿರುತ್ತದೆ. ಅದಕ್ಕೆ ಪಕ್ಕದ ಮನೆಯವರ ಸ್ಟ್ರಿಪ್ ನೋಡಿ ಲೆಕ್ಕ ಹಾಕಬೇಡಿ, ನಿಮ್ಮ ಚೀಟಿಯಲ್ಲಿ ಇದ್ದಷ್ಟೇ. ನಿದ್ದೆ ಬರಿಸುತ್ತದೆ. ಸ್ಕೂಟಿ ಓಡಿಸುವವರು, ಹಗಲು ಒಬ್ಬರೇ ದೊಡ್ಡ ಮಗುವನ್ನು ನೋಡಿಕೊಳ್ಳುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು, ರಾತ್ರಿಯ ಡೋಸ್ ಕಡೆಗೆ ತಳ್ಳಿಕೊಡುತ್ತಾರೆ.

ಇದು ಸಾಲದಿದ್ದರೆ ಆಂಡನ್ಸೆಟ್ರಾನ್. ಎಮೆಸೆಟ್ ಅಂದರೆ ಎಲ್ಲರಿಗೂ ಗೊತ್ತು. ನಾಲಿಗೆ ಮೇಲೆ ಕರಗುವ ಮಾತ್ರೆಯೂ ಇದೆ, ನೀರೇ ನಿಲ್ಲದವರಿಗೆ ಅದು ದೊಡ್ಡ ಅನುಕೂಲ. ಕೆಲಸ ಚುರುಕು, ನಿದ್ದೆ ಬರಿಸುವುದಿಲ್ಲ. ಬೆಲೆ ಏನು ಅಂದರೆ ಮಲಬದ್ಧತೆ, ಅದೂ ಅಂತಿಂಥದ್ದಲ್ಲ. ಕೆಲವರಿಗೆ ತಲೆನೋವು. ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡರೆ ಮಗುವಿಗೆ ಸೀಳುತುಟಿ, ಸೀಳು ಅಂಗುಳದ ಸಾಧ್ಯತೆ ತುಸು ಹೆಚ್ಚುತ್ತದೆ ಅಂತ ದೊಡ್ಡದೊಂದು ಅಮೆರಿಕನ್ ಅಧ್ಯಯನ 2018ರಲ್ಲಿ ಹೇಳಿತು. ತುಸು ಅಂದರೆ ಎಷ್ಟು? ಹತ್ತು ಸಾವಿರ ಹೆರಿಗೆಗೆ ಸುಮಾರು 11 ಇದ್ದದ್ದು 14. ಮೈಯೆಲ್ಲ ಒಣಗಿ ಮಲಗಿದವಳಿಗೆ ಈ ಲೆಕ್ಕ ಒಂದು ಥರ ಕಾಣುತ್ತದೆ, ಬರೀ ಬೆಳಗಿನ ವಾಕರಿಕೆ ಇರುವವಳಿಗೆ ಇನ್ನೊಂದು ಥರ. ಆದ್ದರಿಂದಲೇ ಇದು ಎರಡನೇ ಸಾಲು. ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುತ್ತಾರೆ ಅಂತ ಇದರಿಂದಲೇ ಶುರು ಮಾಡಬೇಡಿ.

ಮೆಟೊಕ್ಲೊಪ್ರಮೈಡ್, ಪ್ರೊಮೆಥಜೀನ್ ಕೂಡ ಕೊಡುವುದುಂಟು. ಮೊದಲನೆಯದರಿಂದ ಅಪರೂಪಕ್ಕೆ ಕತ್ತು, ದವಡೆ ಸೆಟೆದುಕೊಳ್ಳುತ್ತದೆ. ಹಾಗಾದರೆ ಗಾಬರಿ ಬೇಡ, ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋದರೆ ಇಂಜೆಕ್ಷನ್‌ಗೆ ಸರಿಹೋಗುತ್ತದೆ. ಎದೆ ಉರಿಗೆ ಒಂದು ಮಾತ್ರೆ ಸೇರಿಸಿದರೆ ಎಷ್ಟೋ ಜನಕ್ಕೆ ವಾಂತಿಯೂ ಇಳಿಯುತ್ತದೆ, ಇದನ್ನು ಕೇಳಿ ಪಡೆಯಿರಿ.

ಖರ್ಚಿನಲ್ಲಿ ನೋಡಿದರೆ ಬಾಟಲಿ ಹಾಕಿಸಲು ಬೈಕಿನ ಪೆಟ್ರೋಲು, ಫೀಸು, ಬಾಟಲಿ, ಸೂಜಿ, ಅರ್ಧ ದಿನದ ಕೂಲಿ ಅಂತ ಹೋಗುವ ದುಡ್ಡಿನಲ್ಲಿ ಮಾತ್ರೆ ಎಷ್ಟೋ ದಿನಕ್ಕೆ ಬರುತ್ತದೆ.

ಬಾಟಲಿ ಹಾಕಿಸಿಕೊಂಡು ಮನೆಗೆ ಬರುವುದು

ಮಾತ್ರೆಯೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆ, ನಾಲಿಗೆ ಒಣಗಿದೆ, ಆದರೆ ನಡೆದಾಡುವ ಶಕ್ತಿ ಇದೆ. ಆಗ ಇದು ಸರಿಯಾದ ದಾರಿ. ಒಂದೆರಡು ಬಾಟಲಿ ಇಳಿದ ಮೇಲೆ ಮುಖದ ಬಣ್ಣವೇ ಬದಲಾಗುತ್ತದೆ. ಆಗ ಹೊಟ್ಟೆಯಲ್ಲಿ ನಿಲ್ಲುವ ಮಾತ್ರೆಯನ್ನು ಮುಂದುವರಿಸಿದರೆ ಮತ್ತೆ ಹೋಗಬೇಕಾಗಿ ಬರುವುದು ಕಡಿಮೆ. ಬಾಟಲಿ ಹಾಕಿಸಿಕೊಂಡು ಬಂದು ಮಾತ್ರೆ ಬಿಟ್ಟರೆ ಎರಡು ದಿನಕ್ಕೆ ಅದೇ ಬೆಂಚು.

ಯಾವ ಬಾಟಲಿ ಅನ್ನುವುದು ಮುಖ್ಯ. ಸ್ಟ್ಯಾಂಡಿಗೆ ತೂಗು ಹಾಕಿದ್ದರ ಮೇಲಿನ ಚೀಟಿ ಓದಿ. ನಾರ್ಮಲ್ ಸಲೈನ್ ಅಥವಾ ಎನ್‌ಎಸ್ ಅಂತ ಇದ್ದರೆ ಉಪ್ಪುನೀರು. ಆರ್‌ಎಲ್ ಅಂದರೆ ಉಪ್ಪಿನ ಜೊತೆ ಬೇರೆ ಲವಣ. ಡಿ5 ಅಥವಾ ಡೆಕ್ಸ್ಟ್ರೋಸ್ ಅಂದರೆ ಗ್ಲೂಕೋಸ್. ಡಿಎನ್‌ಎಸ್ ಎರಡೂ ಸೇರಿದ್ದು. ನಮ್ಮವರಿಗೆ ಗ್ಲೂಕೋಸ್ ಅಂದರೆ ಶಕ್ತಿ. ಅರ್ಧ ಲೀಟರಿನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಟೀ ಚಮಚ, ಅಷ್ಟೇ. ವಾಂತಿಯಲ್ಲಿ ಕಳೆದುಹೋಗಿರುವುದು ನೀರು ಮತ್ತು ಉಪ್ಪು, ಆದ್ದರಿಂದ ಮೊದಲು ಬೇಕಾದ್ದು ಸಲೈನ್, ಅಗತ್ಯ ಇದ್ದರೆ ಅದಕ್ಕೆ ಪೊಟ್ಯಾಸಿಯಂ.

ಇನ್ನೊಂದು ಇದಕ್ಕಿಂತ ಗಂಭೀರ. ವಾರಗಟ್ಟಲೆ ಸರಿಯಾಗಿ ತಿನ್ನದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅಂಥವರಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗುವ ವರ್ನಿಕೆ ಅನ್ನುವ ಕಾಯಿಲೆ ಬರಬಹುದು. ನಡಿಗೆ ತೂರಾಡುವುದು, ಒಂದು ಎರಡಾಗಿ ಕಾಣುವುದು, ಮಾತು ತಪ್ಪುವುದು ಅದರ ಲಕ್ಷಣ. ಅಪರೂಪ, ಆದರೆ ಬಂದರೆ ವಾಪಸ್ ತರುವುದು ಕಷ್ಟ. ಆದ್ದರಿಂದ "ಸಾರ್, ಎರಡು ಮೂರು ವಾರದಿಂದ ಊಟ ಹೊಟ್ಟೆಯಲ್ಲಿ ನಿಂತಿಲ್ಲ, ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಕೊಡ್ತೀರಾ?" ಅಂತ ಕೇಳಲು ನಾಚಿಕೆ ಬೇಡ. ಒಮ್ಮೆ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಹೀಗೆ ಕೇಳಿದಾಗ "ನೀವು ಡಾಕ್ಟರಾ?" ಅಂತ ಮುಖ ಗಂಟು ಹಾಕಿಕೊಂಡರು. ಅಲ್ಲಿಂದ ಎದ್ದು ತಂಗಿಯನ್ನು ಬೇರೆ ಕಡೆ ಕರೆದುಕೊಂಡು ಹೋದೆವು, ಅಲ್ಲಿ ಕೇಳುವ ಮೊದಲೇ ಕೊಟ್ಟರು.

ಎಲ್ಲಿ ಹಾಕಿಸುವುದು? ಹಳ್ಳಿಯ ಕ್ಲಿನಿಕ್ ಹತ್ತಿರ, ಅಗ್ಗ, ಆದರೆ ರಕ್ತ ಪರೀಕ್ಷೆ ಇಲ್ಲ, ಹೆಚ್ಚಾಗಿ ಬಾಟಲಿ ಕೊಟ್ಟು ಕಳಿಸುತ್ತಾರೆ. ಓದು ಇಲ್ಲದೆ ಬೋರ್ಡು ಹಾಕಿಕೊಂಡವರ ಹತ್ತಿರ ಅಂತೂ ಬಸುರಿಯನ್ನು ಕರೆದೊಯ್ಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯಬೇಕು, ಆದರೆ ಮೂತ್ರ, ರಕ್ತ ನೋಡುತ್ತಾರೆ, ದುಡ್ಡಿಲ್ಲ. ನರ್ಸಿಂಗ್ ಹೋಮಿನಲ್ಲಿ ಮಂಚ, ಬಾತ್‌ರೂಮು ಹತ್ತಿರ, ಬಿಲ್ಲು ಇರುತ್ತದೆ. ಮೊದಲ ಸಲವಾದರೆ ನನ್ನ ಮತ ಪರೀಕ್ಷೆ ಆಗುವ ಕಡೆಗೆ. ಮೂತ್ರದ ಸೋಂಕು ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ, ಅವಳಿ ಇದ್ದರೂ, ಮುತ್ತುಗರ್ಭ (ಮಗು ಬೆಳೆಯದೆ ಮಾಸು ಗುಳ್ಳೆಗಳ ಗೊಂಚಲಾಗಿ ಬೆಳೆಯುವುದು) ಇದ್ದರೂ ವಾಂತಿ ಹೀಗೇ ಇರುತ್ತದೆ. ಒಂದು ಸ್ಕ್ಯಾನ್, ಒಂದು ಮೂತ್ರ ಪರೀಕ್ಷೆ ಆಗದೆ "ಬಸುರಿ ವಾಂತಿ" ಅಂತ ತೀರ್ಮಾನಿಸುವುದು ಸರಿಯಲ್ಲ.

ಅಡ್ಮಿಟ್ ಆಗುವುದು

ಬಾಟಲಿ ಹಾಕಿಸಿದರೂ ಮರುದಿನ ಅದೇ ಸ್ಥಿತಿ, ತೂಕ ಐದು ಪರ್ಸೆಂಟ್ ದಾಟಿ ಇಳಿದಿದೆ, ಒಂದು ದಿನವಿಡೀ ಏನೂ ನಿಂತಿಲ್ಲ, ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಮಾತ್ರೆ ನಡೆಯುತ್ತಿದ್ದು ಅದೂ ಆಚೆ ಬರುತ್ತಿದೆ – ಇವುಗಳಲ್ಲಿ ಒಂದಿದ್ದರೂ ಅಡ್ಮಿಟ್. ವಾಂತಿಯಲ್ಲಿ ರಕ್ತ, ಜ್ವರ, ಹೊಟ್ಟೆನೋವು, ಎಚ್ಚರ ತಪ್ಪುವುದು ಇದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ. ಐದು ತಿಂಗಳಾದ ಮೇಲೆ ಹೊಸದಾಗಿ ವಾಂತಿ, ಜೊತೆಗೆ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅದು ಬಿಪಿಯ ವಿಷಯ, ಈ ಲೇಖನದ್ದಲ್ಲ. ಅವತ್ತೇ ತೋರಿಸಿ.

ಸರ್ಕಾರಿ ಆಸ್ಪತ್ರೆ ಅಂದರೆ ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಸುರಿಯರಿಗೆ ಔಷಧಿ, ಪರೀಕ್ಷೆ, ಊಟ, ಗಾಡಿ ಎಲ್ಲಾ ಉಚಿತ. ಹೆರಿಗೆಗೆ ಮಾತ್ರ ಅಂತ ತಿಳಿದವರೇ ಹೆಚ್ಚು, ಬಸುರಿನ ತೊಂದರೆಗಳಿಗೂ ಅದನ್ನು ಆಮೇಲೆ ವಿಸ್ತರಿಸಿದ್ದಾರೆ. ತಾಯಿ ಕಾರ್ಡ್, ಆಧಾರ್ ಕೈಯಲ್ಲಿರಲಿ. ಆಶಾ ಅಕ್ಕನಿಗೆ ಮೊದಲೇ ಒಂದು ಮಾತು ಹೇಳಿದರೆ ಅರ್ಧ ಓಡಾಟ ಉಳಿಯುತ್ತದೆ. ಕಷ್ಟ ಇರುವುದು ವಾರ್ಡಿನಲ್ಲಿ. ಪಕ್ಕದ ಮಂಚದವರ ಊಟದ ಬುತ್ತಿ ಬಿಚ್ಚಿದರೆ ಸಾಕು, ಇವಳಿಗೆ ಶುರು. ಫಿನಾಯಿಲ್ ವಾಸನೆ ಬೇರೆ. ಬಾತ್‌ರೂಮು ದೂರ, ಬಾಟಲಿ ಹಿಡಿದುಕೊಂಡು ಜೊತೆಗೆ ನಡೆಯುವವರು ಹಗಲು ರಾತ್ರಿ ಬೇಕು. ಕಿಟಕಿ ಪಕ್ಕದ ಮಂಚ ಕೇಳಿ, ಒಂದು ನಿಂಬೆಹಣ್ಣು ಕೈಯಲ್ಲಿರಲಿ, ಮುಚ್ಚಳ ಇರುವ ಸಣ್ಣ ಬಕೆಟ್ ಒಯ್ಯಿರಿ.

ಖಾಸಗಿ ನರ್ಸಿಂಗ್ ಹೋಮಿನಲ್ಲಿ ಈ ಗೋಳಿಲ್ಲ. ಒಂದೇ ರೂಮು, ಒಬ್ಬರೇ ಡಾಕ್ಟರು, ನಿಮ್ಮ ಹಿಂದಿನ ಕಥೆ ಅವರಿಗೆ ಗೊತ್ತು. ದುಡ್ಡು ದಿನದ ಲೆಕ್ಕದಲ್ಲಿ ಏರುತ್ತದೆ. ಈ ಕಾಯಿಲೆಯ ಗುಣವೇನಂದ್ರೆ ಒಂದು ಸಲಕ್ಕೆ ಮುಗಿಯುವುದಿಲ್ಲ, ಹದಿನೈದು ದಿನ ಬಿಟ್ಟು ಮತ್ತೆ ಸೇರಬೇಕಾಗಿ ಬರಬಹುದು. ಕೈಯಲ್ಲಿರುವುದನ್ನೆಲ್ಲ ಮೊದಲ ಸಲಕ್ಕೇ ಖರ್ಚು ಮಾಡಿದರೆ ಹೆರಿಗೆಗೆ ಏನು? ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿ ಹೋಗುವವರು ಪಾಲಿಸಿಯಲ್ಲಿ ಬಸುರಿಗೆ ಸಂಬಂಧಿಸಿದ್ದನ್ನು ಹೊರಗಿಟ್ಟಿದ್ದಾರಾ ಅಂತ ಮೊದಲು ಓದಿ, ಎಷ್ಟೋ ಪಾಲಿಸಿಗಳಲ್ಲಿ ಹೊರಗಿಟ್ಟಿರುತ್ತಾರೆ.

ನಡುವಿನ ದಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ದಾವಣಗೆರೆಯಲ್ಲಿ ಬಾಪೂಜಿ, ಎಸ್‌ಎಸ್, ಚಿತ್ರದುರ್ಗದಲ್ಲಿ ಬಸವೇಶ್ವರ. ರಾತ್ರಿ ಎರಡು ಗಂಟೆಗೂ ಡಾಕ್ಟರ್ ಸಿಗುತ್ತಾರೆ, ಲ್ಯಾಬು ಅಲ್ಲೇ, ಬೇರೆ ವಿಭಾಗದವರನ್ನು ಕರೆಸಬೇಕಾದರೂ ಅಲ್ಲೇ. ದಿನಕ್ಕೊಬ್ಬ ಹೊಸ ಹುಡುಗ ಡಾಕ್ಟರು ಬಂದು ಮೊದಲಿನಿಂದ ಕಥೆ ಕೇಳುತ್ತಾರೆ, ಅದಕ್ಕೆ ತಾಳ್ಮೆ ಬೇಕು. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ತೋರಿಸಿದರಾಯ್ತು: ಎಷ್ಟು ವಾರ, ಮೊದಲಿನ ತೂಕ, ಈಗಿನ ತೂಕ, ಯಾವ ಮಾತ್ರೆ ಯಾವಾಗಿಂದ, ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ.

ಸೇರಿದ ಮೇಲೆ ಕಾಲು ಬಾವು, ಒಂದೇ ಕಾಲಿನಲ್ಲಿ ನೋವು ಇದ್ದರೆ ಹೇಳಿ. ಬಸುರು, ಒಣಗಿದ ಮೈ, ಮಲಗಿಯೇ ಇರುವುದು ಮೂರೂ ಸೇರಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ಕೆಲವರಿಗೆ ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್ ದಿನಾ ಕೊಡುತ್ತಾರೆ. ಯಾಕೆ ಅಂತ ಗಾಬರಿ ಬೇಡ.

ತವರಿಗೆ ಹೋಗುವುದಾ?

ಇದು ಔಷಧಿಯ ಪ್ರಶ್ನೆ ಅಲ್ಲ, ಆದರೆ ಎಲ್ಲರ ಮನೆಯಲ್ಲೂ ಮೊದಲು ಎದ್ದೇಳುವ ಪ್ರಶ್ನೆ. ಅವ್ವನ ಹತ್ತಿರ ಹಟ ಮಾಡಬಹುದು, ಮಲಗಿರಬಹುದು, ಯಾರೂ ಏನೂ ಅನ್ನುವುದಿಲ್ಲ. ಆದರೆ ಅವ್ವನ ಮನೆಯಿಂದ ಆಸ್ಪತ್ರೆ ಎಷ್ಟು ದೂರ? ಬಚ್ಚಲು, ಪಾಯಖಾನೆ ಮನೆಯೊಳಗಿದೆಯಾ, ಹಿತ್ತಲಲ್ಲಾ? ಏಪ್ರಿಲ್ ಮೇ ತಿಂಗಳಾದರೆ ಹಿರಿಯೂರು, ಚಳ್ಳಕೆರೆ ಕಡೆಯ ಬಿಸಿಲಿಗೆ ಒಳಗೆ ನಿಂತ ಅಷ್ಟಿಷ್ಟು ನೀರೂ ಬೆವರಾಗಿ ಹೋಗುತ್ತದೆ. ಗಂಡನ ಮನೆ ದಾವಣಗೆರೆ, ತವರು ಹೊಸದುರ್ಗದ ಹಳ್ಳಿ ಅಂತಾದರೆ, ಅವ್ವನನ್ನೇ ಒಂದು ತಿಂಗಳು ಇಲ್ಲಿಗೆ ಕರೆಸಿಕೊಳ್ಳುವುದು ವಾಸಿ. ಅತ್ತೆಗೆ ಇದನ್ನು ಯಜಮಾನ್ರು ಹೇಳಬೇಕು, ಸೊಸೆ ಅಲ್ಲ. ಹೋಗುವುದೇ ಆದರೆ ವಾಂತಿ ಹಿಡಿತಕ್ಕೆ ಬಂದ ಮೇಲೆ, ಬೆಳಗಿನ ತಂಪಿನಲ್ಲಿ, ಮುಂದಿನ ಸೀಟಿನಲ್ಲಿ. ತಾಯಿ ಕಾರ್ಡ್ ಅಲ್ಲಿಯೂ ನಡೆಯುತ್ತದೆ, ಆ ಊರಿನ ಆಶಾಗೆ ತಿಳಿಸಿದರಾಯ್ತು.

ಕೆಲಸಕ್ಕೆ ಹೋಗುವವರು ಇನ್ನೊಂದು ತಿಳಿದಿರಿ. ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುವ ಕಡೆ ಕೆಲಸ ಮಾಡುತ್ತಿದ್ದರೆ, 26 ವಾರದ ಹೆರಿಗೆ ರಜೆಯ ಹೊರತಾಗಿ, ಬಸುರಿನಿಂದ ಬಂದ ಕಾಯಿಲೆಗೆ ಒಂದು ತಿಂಗಳವರೆಗೆ ಸಂಬಳ ಸಹಿತ ರಜೆ ಅದೇ ಕಾನೂನಿನಲ್ಲಿದೆ. ಡಾಕ್ಟರ್ ಚೀಟಿ ಬೇಕು. ಕೇಳದೆ ಯಾರೂ ಹೇಳುವುದಿಲ್ಲ.

ಯಾರಿಗೆ ಯಾವುದು

ಮೂತ್ರ ಸರಿ, ತೂಕ ಸರಿ, ಬೆಳಗ್ಗೆ ಎರಡು ಮೂರು ಸಲ ವಾಂತಿ, ಮನೆಯಲ್ಲಿ ಜನ ಇದ್ದಾರೆ: ಮನೆಯ ಕ್ರಮ ಸಾಕು, ವಾರಕ್ಕೊಮ್ಮೆ ತೂಕ. ಇದೇ ಸ್ಥಿತಿ, ಆದರೆ ನೀವೊಬ್ಬರೇ ಅಡುಗೆ ಮಾಡಬೇಕು, ಶಾಲೆಗೋ ಆಫೀಸಿಗೋ ಹೋಗಬೇಕು: ಮಾತ್ರೆ ಈಗಲೇ ಶುರು ಮಾಡಿ, ಕೆಡುವ ತನಕ ಕಾಯುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ದುಡ್ಡು ಕಡಿಮೆ, ಊರು ದೂರ: ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇರುತ್ತದೆ. ಅವತ್ತೇ ಮಾತ್ರೆ ಬರೆಸಿಕೊಳ್ಳಿ, ಹೆಚ್ಚಾದರೆ ಹಳ್ಳಿಯ ಬಾಟಲಿಗೆ ನಿಲ್ಲದೆ ನೇರ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಹತ್ತಿರ ನರ್ಸಿಂಗ್ ಹೋಮ್ ಇದೆ, ಸ್ವಲ್ಪ ಖರ್ಚು ತಡೆದುಕೊಳ್ಳಬಹುದು: ಬಾಟಲಿ ಅಲ್ಲಿ ಹಾಕಿಸಿ, ಅಡ್ಮಿಷನ್ ಎರಡನೇ ಸಲ ಬಂದರೆ ಮೆಡಿಕಲ್ ಕಾಲೇಜಿನ ಕಡೆ ಹೋಗಿ.

ಅಳು ಬರುವುದು, ಈ ಮಗುವೇ ಬೇಡ ಅನ್ನಿಸುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಮನೆಯವರಿಗೆ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡನೇ ಮಗುವಿನ ಯೋಚನೆಯಲ್ಲಿ ಇರುವವರಿಗೆ: ಒಮ್ಮೆ ಹೀಗಾಗಿದ್ದರೆ ಮತ್ತೆ ಆಗುವ ಸಂಭವ ಜಾಸ್ತಿ. ಮೊದಲ ಸಲ ಕೆಲಸ ಮಾಡಿದ ಮಾತ್ರೆಯ ಹೆಸರು, ಡೋಸು, ಡಿಸ್ಚಾರ್ಜ್ ಚೀಟಿ ಎಲ್ಲಾ ಒಂದು ಕವರಿನಲ್ಲಿ ಇಟ್ಟಿರಿ. ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಎರಡು ಗೆರೆ ಬಂದ ವಾರವೇ ಅದನ್ನು ಡಾಕ್ಟರಿಗೆ ತೋರಿಸಿ, ವಾಂತಿ ಜೋರಾಗುವ ಮೊದಲೇ ಮಾತ್ರೆ ಶುರು ಮಾಡುವ ಬಗ್ಗೆ ಕೇಳಿ. ಮೊದಲ ಮಗುವನ್ನು ಆ ಎರಡು ತಿಂಗಳು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಅದಕ್ಕೂ ಮುಂಚೆಯೇ ಮಾತಾಡಿಕೊಳ್ಳಿ.